ಕಂಡಿಗೆ ನಿಂತವನು

ಇದು ನಮ್ಮ ದೊಡ್ಡಪ್ಪನ ಮಗ ಸಾಗರಣ್ಣನಿಗೆ ಆದದ್ದು. ಅರ್ಧ ಅವನು ಹೇಳಿದ್ದು, ಇನ್ನರ್ಧ ನಾನೇ ಕೇಳಿದ್ದು, ಕಂಡದ್ದು. ಯಾವುದು ಯಾರದು ಅಂತ ಬಿಡಿಸಿ ಹೇಳುತ್ತಾ ಹೋಗುತ್ತೇನೆ. ಆಮೇಲೆ ಯಾರೂ ‘ಸಿಂಚನ ಉಪ್ಪುಖಾರ ಹಚ್ಚಿದಳು’ ಅನ್ನಬಾರದು, ಅದಕ್ಕೆ.

ಸಾಗರಣ್ಣನಿಗೆ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ಕಂಪನಿ ಬಸ್ಸು ಅವನನ್ನು ಹುಣಸೂರು ರಸ್ತೆಯಲ್ಲಿ ಇಳಿಸುವ ಹೊತ್ತಿಗೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅಲ್ಲಿಂದ ಹಿನಕಲ್‌ನ ಮನೆಗೆ ಎರಡು ದಾರಿ. ಒಂದು ಟಾರು ರಸ್ತೆ, ದೀಪ ಇದೆ, ಆದರೆ ಸುತ್ತು. ಇನ್ನೊಂದು, ಹೊಸ ಬಡಾವಣೆಯ ಖಾಲಿ ಸೈಟುಗಳ ನಡುವಿನ ಕಾಲುದಾರಿ. ಅದು ದೊಡ್ಡಪ್ಪನ ಹೊಲದ ಅಂಚಿನಲ್ಲೇ ಹಾದು, ಒಂದು ಆಲದ ಮರ, ಒಂದು ಹಾಳುಬಾವಿ ದಾಟಿ ಮನೆಯ ಹಿಂದಕ್ಕೆ ಬರುತ್ತದೆ. ಸಾಗರಣ್ಣ ದಿನಾ ಬರುವುದು ಈ ದಾರಿಯಲ್ಲೇ. ಧೈರ್ಯ ತೋರಿಸಲಿಕ್ಕಲ್ಲ. ಹೊಲಕ್ಕೆ ಹಂದಿ ಬಿದ್ದಿದ್ದಾವೋ ಇಲ್ಲವೋ ನೋಡಿಕೊಂಡು ಬರಲಿಕ್ಕೆ.

ಹೋದ ಡಿಸೆಂಬರ್. ಮೈಸೂರಿನಲ್ಲಿ ಆ ತಿಂಗಳು ಚಳಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಆಲದ ಹತ್ತಿರ ಬಂದ. ಒಂದೆಲೆಯೂ ಅಲುಗಾಡುತ್ತಿರಲಿಲ್ಲ. ದೂರದ ಕಾರ್ಖಾನೆಗಳ ಕಡೆಯಿಂದ ಒಂದೇ ಸಮನೆ ‘ಗುಂಯ್...’ ಅನ್ನುವ ಸದ್ದು. ಅದು ಯಾವಾಗಲೂ ಇರುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಆ ಸದ್ದಿನ ನಡುವೆ, ಅವನ ತಲೆಗಿಂತ ಸ್ವಲ್ಪ ಮೇಲೆ, ಮರದ ಕವಲಿನಿಂದ... ಯಾರೋ ಗಂಟಲು ಸರಿಮಾಡಿಕೊಂಡರು. ‘ಹ್ರ್‌ಮ್’ ಅಂತ. ಆಮೇಲೆ ಪಿಸುದನಿ.

“ಕೂಗುದ್ರಾ...?”

ಸಾಗರಣ್ಣ ನಿಂತ. ಬಡಾವಣೆಯ ವಾಚ್‌ಮನ್ ಇರಬೇಕು, ಜೊತೆಯವನು ಕೂಗುವುದನ್ನು ಕಾಯುತ್ತಿರಬೇಕು ಅಂದುಕೊಂಡ. “ಇಲ್ಲಪ್ಪ, ಯಾರೂ ಕೂಗಿಲ್ಲ” ಅಂದ. ಅಂದು ಬಂದುಬಿಟ್ಟ. ಹೆದರಿಕೆ ಆಗಲಿಲ್ಲವಂತೆ. ಮನೆಗೆ ಬಂದು ಊಟಕ್ಕೆ ಕೂತ ಮೇಲೆ, ಮೊದಲ ತುತ್ತು ಬಾಯಿಗಿಡುವಾಗ ನೆನಪಾಯಿತಂತೆ... ಆ ಬಡಾವಣೆಗೆ ವಾಚ್‌ಮನ್ನೇ ಇಲ್ಲ.

ಇಲ್ಲಿ ನಾನು ಹಂದಿ ವಿಷಯ ಹೇಳಬೇಕು. ಹೇಳದೆ ಹೋದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ನಮ್ಮ ದೊಡ್ಡಪ್ಪನ ಹೆಸರು ಬಸವರಾಜು. ಹಿನಕಲ್ ಹಳ್ಳಿಯಾಗಿದ್ದಾಗ ಅವರಿಗೆ ಸುಮಾರು ಜಮೀನಿತ್ತು. ಈಗ ಉಳಿದಿರುವುದು ಅರ್ಧ ಎಕರೆ. ಸುತ್ತ ಸೈಟುಗಳು, ಅವುಗಳಲ್ಲಿ ಮನೆ ಏಳದೆ ಆಳೆತ್ತರ ಲಂಟಾನ, ಜಾಲಿ. ಆ ಪೊದೆಗಳಲ್ಲಿ ಎಲ್ಲಿಂದಲೋ ಕಾಡುಹಂದಿ ಬಂದು ಸೇರಿಕೊಂಡಿವೆ. ಬೀದಿಯಲ್ಲಿ ಓಡಾಡುವ ಊರಹಂದಿ ಅಲ್ಲ. ಬೆನ್ನ ಮೇಲೆ ಬಾಚಣಿಗೆಯಂತೆ ಕೂದಲು ನಿಲ್ಲುವ ಜಾತಿ. ನಗರದೊಳಗೆ ಕಾಡುಹಂದಿಯಾ ಅಂತ ಕೇಳಬೇಡಿ, ನಾನೂ ಮೊದಲು ಹಾಗೇ ಕೇಳಿದ್ದೆ. ಹಗಲೆಲ್ಲ ಮಲಗಿರುತ್ತವೆ. ರಾತ್ರಿ ಎದ್ದು ಬರುತ್ತವೆ.

ಸಾಗರಣ್ಣ ಆ ಅರ್ಧ ಎಕರೆಗೆ ಗೆಣಸು ಹಾಕಿದ್ದ. ಹಿಂದಿನ ಎರಡು ಬೆಳೆಯನ್ನೂ ಹಂದಿಯೇ ತಿಂದಿದ್ದವು. ದೊಡ್ಡಪ್ಪ ಹೇಳಿಬಿಟ್ಟಿದ್ದರು. “ಈ ಸತಿನೂ ಓದ್ರೆ ಸಂಕ್ರಾಂತಿ ಕಳುದ್ಮೇಲೆ ಸೈಟ್ನೋರ್ಗೆ ಸೈನ್ ಆಕ್‌ಬುಡ್ತೀನಿ. ಆಮ್ಯಾಕ್ ನನ್ನ ಕೇಳ್ಬ್ಯಾಡ.” ಸಾಗರಣ್ಣನಿಗೆ ಆ ಮಣ್ಣೆಂದರೆ ಪ್ರಾಣ. ಎಂಟು ಗಂಟೆ ಕಬ್ಬಿಣದ ಮುಂದೆ ನಿಂತು ಬಂದವನು, ಬೆಳಿಗ್ಗೆ ಎದ್ದು ಆ ಬಳ್ಳಿಗಳ ಮುಂದೆ ಕೂತಿದ್ದರೆ ಮುಖವೇ ಬೇರೆ ಇರುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಗೆಣಸು ಕೀಳಬೇಕು, ಅಷ್ಟೇ ಅವನ ಲೆಕ್ಕ.

ಅವನು ಏನೇನು ಮಾಡಿದ ಅಂತೀರಿ. ಸಲೂನಿನಿಂದ ಮೂಟೆಗಟ್ಟಲೆ ಕೂದಲು ತಂದು ಬದುವಿನ ಮೇಲೆ ಉದುರಿಸಿದ. ಹಂದಿ ಮೂಸಿಕೊಂಡು ಬರುವಾಗ ಕೂದಲು ಮೂಗಿಗೆ ಹೋಗಿ ಸೀನುತ್ತಾ ಓಡುತ್ತದೆ ಅಂತ ಯಾರೋ ಹೇಳಿದ್ದರು. ಒಂದು ಮಳೆಗೆ ಕೂದಲೆಲ್ಲ ಮಣ್ಣು ಹಿಡಿಯಿತು, ಹಂದಿ ಬಂದವು. ಹಳೇ ಸೀರೆ ಕಟ್ಟಿದ. ಮೊದಲ ವಾರ ಹೆದರಿದವು, ಆಮೇಲೆ ಸೀರೆಯನ್ನೇ ಹರಿದು ಒಳಗೆ ಬಂದವು. ಪಟಾಕಿ ಹೊಡೆದ, ಅಕ್ಕಪಕ್ಕದ ಲೇಔಟಿನವರು ಜಗಳಕ್ಕೆ ಬಂದರು. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದ. “ಹೊಡೀಬೇಡಿ, ಉರುಳು ಹಾಕ್ಬೇಡಿ, ಓಡಿಸಿ” ಅಂದರು. ಓಡಿಸುವುದು ಹೇಗೆ ಅಂತ ಹೇಳಲಿಲ್ಲ.

ದೊಡ್ಡಪ್ಪ ಜಗಲಿ ಮೇಲೆ ಕೂತು ನಗುತ್ತಿದ್ದರು.

“ಏನ್ಲಾ, ಹಂದಿಗೆ ಸೀರೆ ಉಡ್ಸಕ್ ಓಗಿದ್ಯಂತೆ? ಅರಿಶಿನ ಕುಂಕುಮನೂ ಕೊಟ್ ಕಳ್ಸು.”

“ನಗಾಡ್ಬೇಡಿ ಅಪ್ಪ. ವಯಸ್ನಲ್ಲಿ ಬೇಟೆ ಆಡ್ದೋರು ನೀವು. ಹಂದಿ ಬುದ್ಧಿ ನಿಮ್ಗೆ ಗೊತ್ತಿಲ್ವಾ? ಒಂದಿನ ಹೊಲಕ್ ಬಂದು ನೋಡ್ಬಾರ್ದಾ?”

“ಅವೆಲ್ಲ ಮರ್ತೋಯ್ತು ಕಣಪ್ಪ.”

ಇಷ್ಟು ಹೇಳಿ ಟಿವಿ ಕಡೆ ತಿರುಗುತ್ತಿದ್ದರು. ದೊಡ್ಡಪ್ಪ ಆ ಹೊಲಕ್ಕೆ ಕಾಲಿಟ್ಟದ್ದನ್ನು ನಾನು ಕಂಡಿರಲೇ ಇಲ್ಲ. ಮಂಡಿ ಮೊಹಲ್ಲಾದ ನಮ್ಮ ಮನೆ ಸಣ್ಣದು, ಸದಾ ಗದ್ದಲ ಅಂತ ನಾನು ಪರೀಕ್ಷೆಗೆ ಓದಲು ದೊಡ್ಡಪ್ಪನ ಮನೆಯಲ್ಲಿದ್ದೆ. ಅಪ್ಪ ಮಗನ ಈ ಕಿತ್ತಾಟ ನನಗೆ ದಿನದ ಪಾಠವಾಗಿತ್ತು.

ಕಡೆಗೆ ಸಾಗರಣ್ಣ ಹಂದಿ ಹೆಜ್ಜೆಗಳನ್ನೇ ಓದಲು ಶುರುಮಾಡಿದ. ಬೆಳಿಗ್ಗೆ ಎದ್ದು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ನನ್ನನ್ನೂ ಕರೆದುಕೊಂಡು ಹೋಗಿ ತೋರಿಸುತ್ತಿದ್ದ. ಮುಂದೆ ಒಂದು ದೊಡ್ಡ ಹೆಣ್ಣು, ಅದರ ಹಿಂದೆ ಮರಿಗಳು, ಕೊನೆಯಲ್ಲಿ ಪ್ರಾಯದವು. ಹಿಂಡಿನಿಂದ ಬೇರೆಯಾಗಿ, ಒಂದು ದೊಡ್ಡ ಗಂಡಿನ ಹೆಜ್ಜೆ. ಹಂದಿಗೆ ಕಣ್ಣು ಮಂದ, ಮೂಗು ಚುರುಕು. ಗಾಳಿಯಲ್ಲಿ ಮನುಷ್ಯನ ವಾಸನೆ ಸಿಕ್ಕಿದರೆ ಸಾಕು, ಆ ಹೆಣ್ಣು ‘ಫುಸ್’ ಅಂತ ಒಮ್ಮೆ ಉಸಿರು ಬಿಡುತ್ತದೆ, ಇಡೀ ಹಿಂಡು ತಿರುಗುತ್ತದೆ.

ಆಗಲೇ ಅವನ ಕಣ್ಣಿಗೆ ಅದು ಬಿದ್ದದ್ದು.

ಹೊಲಕ್ಕೆ ಮೂರು ಕಡೆ ಕಲ್ಲುಚಪ್ಪಡಿ, ತಂತಿ, ಗೋಡೆ ಅಂತ ಏನಾದರೂ ಒಂದಿದೆ. ನಾಲ್ಕನೇ ಕಡೆ ಆಲದ ಮರ. ಅಲ್ಲಿ ಬದು ಕುಸಿದು ಒಂದು ಕಂಡಿ ಆಗಿದೆ. ಕಂಡಿ ಅಂದರೆ ಗೊತ್ತಲ್ಲ, ಬೇಲಿಯಲ್ಲಿ ಬಿಟ್ಟ ಜಾಗ, ಗಾಡಿ ಹೋಗುವಷ್ಟು ಅಗಲ. ಆಲದ ಬೇರು ಹಬ್ಬಿರುವುದರಿಂದ ಅಲ್ಲಿ ಕಂಬ ನೆಡಲು ಆಗುವುದಿಲ್ಲ. ಆದರೆ ಒಂದೇ ಒಂದು ಹಂದಿ ಆ ಕಂಡಿಯಿಂದ ಒಳಗೆ ಬಂದಿರಲಿಲ್ಲ! ಚಪ್ಪಡಿ ಕೆಳಗೆ ತೋಡಿಕೊಂಡು ಬಂದಿದ್ದವು, ತಂತಿಯಲ್ಲಿ ಮೈ ಹರಿದುಕೊಂಡು ಬಂದಿದ್ದವು. ತೆರೆದ ಕಂಡಿಯ ಕಡೆಗೆ ಹೋಗುತ್ತಿದ್ದವು, ಇನ್ನೇನು ಆಲದ ನೆರಳಿಗೆ ಬರಬೇಕು... ಅಲ್ಲಿ ಹೆಜ್ಜೆಗಳೆಲ್ಲ ಒತ್ತೊತ್ತಾಗಿ ಕಲಸಿಹೋಗಿ ಹಿಂದಕ್ಕೆ ತಿರುಗಿದ್ದವು.

“ಬಾಗ್ಲು ತೆಗ್ದೈತೆ, ಗೋಡೆ ಒಡ್ಕೊಂಡ್ ಬತ್ತಾವಲ್ಲೇ ಸಿಂಚು! ಇವಕ್ಕೇನ್ ತಲೆ ಕೆಟ್ಟೈತಾ, ನಂಗ್ ಕೆಟ್ಟೈತಾ?” ಅಂತ ಟೋಪಿ ತೆಗೆದು ನೆಲಕ್ಕೆ ಬಡಿದ.

ಆಮೇಲೆ ಅವನಿಗೇ ಹೊಳೆಯಿತು. ಹಂದಿ ಹಾಗೆ ತಿರುಗುವುದು ಒಂದಕ್ಕೇ. ಮನುಷ್ಯನ ವಾಸನೆಗೆ. ಅವನು ಕಂಡಿಯ ಮಣ್ಣನ್ನು ನುಣ್ಣಗೆ ಎಳೆದು ಸಮ ಮಾಡಿದ. ಯಾರಾದರೂ ರಾತ್ರಿ ಬಂದು ನಿಲ್ಲುತ್ತಿದ್ದರೆ ಹೆಜ್ಜೆ ಬೀಳಬೇಕಲ್ಲ. ಬೆಳಿಗ್ಗೆ ನೋಡಿದರೆ ಮಣ್ಣು ಹಾಗೇ ಇತ್ತು. ಹಂದಿ ಹೆಜ್ಜೆ ಮಾತ್ರ ಆಚೆ ಬಂದು, ತಿರುಗಿ ಹೋಗಿತ್ತು.

ಇದಾದ ಮೇಲೆಯೇ ಆ ರಾತ್ರಿ ಅವನಿಗೆ ‘ಕೂಗುದ್ರಾ’ ಅಂತ ಕೇಳಿಸಿದ್ದು. ಮಾರನೇ ರಾತ್ರಿಯೂ ಕೇಳಿಸಿತು. ಅದೇ ಗಂಟಲು, ಅದೇ ಮಾತು. ಸಾಗರಣ್ಣ ಓಡಲಿಲ್ಲ. ಉತ್ತರ ಕೊಡದೆ ಹೋದರೆ ಏನಾಗುತ್ತದೋ ಅಂತ, “ಇನ್ನೂ ಇಲ್ಲ” ಅಂದ. ಮೇಲಿನಿಂದ ಒಂದು ನಿಟ್ಟುಸಿರು ಬಂತು. ಅಷ್ಟೇ.

ಈಗ ನೀವು ಕೇಳಬಹುದು, ದಾರಿ ಬದಲಾಯಿಸಬಾರದಿತ್ತೇ ಅಂತ. ನಾನೂ ಕೇಳಿದೆ. ಅವನು ಹೇಳಿದ್ದು ಇದು. ಅಲ್ಲಿ ಯಾರೇ ಇರಲಿ, ಅವರಿರುವ ತನಕ ಕಂಡಿಯ ಚಿಂತೆ ಇಲ್ಲ. ಅವನು ಉಳಿದ ಮೂರು ಕಡೆ ಕಬ್ಬಿಣದ ಜಾಲರಿ ಹೂತ. ಹಂದಿ ಒಳಗೆ ಬರುವುದು ನಿಂತೇಹೋಯಿತು. ಬಳ್ಳಿ ಹಬ್ಬಿತು, ಬುಡದಲ್ಲಿ ಮಣ್ಣು ಬಿರುಕು ಬಿಟ್ಟಿತು. ಗೆಣಸು ದಪ್ಪವಾಗುತ್ತಿದೆ ಅಂತ ಅರ್ಥ. ಆ ದಿನಗಳಲ್ಲಿ ಸಾಗರಣ್ಣ ಸಿಳ್ಳೆ ಹಾಕುತ್ತಿದ್ದ. ರಾತ್ರಿ ಮಾತ್ರ ಆಲದ ಕೆಳಗೆ ತಲೆ ಬಗ್ಗಿಸಿ, “ಇನ್ನೂ ಇಲ್ಲ” ಅಂದು ಬರುತ್ತಿದ್ದ.

ಒಂದು ರಾತ್ರಿ ಅಡುಗೆಮನೆಯಲ್ಲಿ ಅವನು ನನಗೆ ಇದನ್ನೆಲ್ಲ ಪಿಸುಗುಟ್ಟುತ್ತಿದ್ದ. ಅಂಬುಜಮ್ಮ ದೊಡ್ಡಮ್ಮ ಮೂಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ‘ಪಿಚಕ್... ಪಿಚಕ್...’ ಅಂತ ಕಾಳು ಪಾತ್ರೆಗೆ ಬೀಳುತ್ತಿತ್ತು. ಆ ಸದ್ದು ನಿಂತಿತು.

“ಯಾವ್ ಮರ ಅಂದೆ?”

“ಆಲದ್ ಮರ ಕಣಮ್ಮ. ನಮ್ ಕಂಡಿದು.”

“ಏನಂತ ಕೇಳ್ತದೆ?”

“ಕೂಗುದ್ರಾ... ಅಂತ.”

ದೊಡ್ಡಮ್ಮ ಕೈ ಒರೆಸಿಕೊಂಡರು. ನಡುಮನೆಯಲ್ಲಿ ದೊಡ್ಡಪ್ಪ ಟಿವಿ ನೋಡುತ್ತಿದ್ದರು. ಬಾಗಿಲನ್ನು ಸ್ವಲ್ಪ ಮುಂದಕ್ಕೆ ಎಳೆದು, ದೊಡ್ಡಮ್ಮ ನಮ್ಮ ಹತ್ತಿರ ಬಂದು ಕೂತರು. ಅವರು ಹೇಳಿದ್ದನ್ನು ನಾನು ಚುಟುಕಾಗಿ ಹೇಳುತ್ತೇನೆ.

ಸಾಗರಣ್ಣ ಹುಟ್ಟುವುದಕ್ಕಿಂತ ಮುಂಚೆ ಅಲ್ಲೆಲ್ಲ ಹೊಲ, ಕುರುಚಲು ಕಾಡು. ಆಗಲೂ ಬೇಟೆ ಕಾನೂನಿಗೆ ವಿರುದ್ಧವೇ, ಆದರೂ ಕದ್ದು ಆಡುತ್ತಿದ್ದರು. ಒಂದು ಗುಂಪು ತಮಟೆ ಬಡಿದು, ಕೇಕೆ ಹಾಕಿ ಹಂದಿಯನ್ನು ಎಬ್ಬಿಸಿ ಅಟ್ಟುತ್ತದೆ. ಇನ್ನು ಕೆಲವರು ಹಂದಿ ನುಗ್ಗುವ ಕಂಡಿಗಳಲ್ಲಿ ಈಟಿ ಹಿಡಿದು ಕಾಯುತ್ತಾರೆ. ಕಂಡಿಗೆ ನಿಂತವನು ಕೆಮ್ಮಬಾರದು, ಬೀಡಿ ಸೇದಬಾರದು, ಕದಲಬಾರದು. ಕತ್ತಲಲ್ಲಿ ಎದ್ದು ಬಂದರೆ ಹಂದಿ ಅಂತ ನಮ್ಮವರೇ ಈಟಿ ಎಸೆದಾರು, ಅದಕ್ಕೆ. ಯಾರು ನಿಲ್ಲಿಸಿದರೋ ಅವರೇ ‘ಬೇಟೆ ಮುಗೀತು, ಬಾ’ ಅಂತ ಹೆಸರು ಹಿಡಿದು ಕೂಗಬೇಕು. ಕೂಗುವವರೆಗೂ ಅವನು ಅಲ್ಲೇ ಇರಬೇಕು. ಅದು ನೇಮ.

ಆ ಸಲ ಬೇಟೆಗೆ ಯಜಮಾನ ನಮ್ಮ ದೊಡ್ಡಪ್ಪ. ಆಲದ ಕಂಡಿಗೆ ನಿಲ್ಲಿಸಿದ್ದು ಚಿಕ್ಕಮಾದಯ್ಯನನ್ನ. ಊರ ಆಚೆ ಕೇರಿಯವನು, ನಮ್ಮ ಮನೆಯ ಹೊಲದಲ್ಲಿ ದುಡಿಯುತ್ತಿದ್ದವನು, ಜಗಲಿಯಿಂದ ಒಳಗೆ ಬರುವಂತಿರಲಿಲ್ಲ, ಕುಡಿದ ಲೋಟವನ್ನೂ ತಾನೇ ತೊಳೆದಿಡಬೇಕಿತ್ತು. ಹಂದಿ ಬಿದ್ದದ್ದು ಬೇರೆ ಕಡೆ, ಕೆರೆ ಹತ್ತಿರ. ಎಲ್ಲರೂ ಅಲ್ಲಿಗೆ ಓಡಿದರು. ಬಿದಿರ ಗಳುವಿಗೆ ಕಟ್ಟಿ ಹೊತ್ತುಕೊಂಡು ಬಂದರು. ಕೊಯ್ದರು, ಪಾಲು ಹಾಕಿದರು.

“ಅವುನ್ ಪಾಲ್ನೂ ಎಲೆ ಮೇಲ್ ಮಡ್ಗಿದ್ರು ಕಣಪ್ಪ” ಅಂದರು ದೊಡ್ಡಮ್ಮ. “ಪಾಲ್ ಮರೀಲಿಲ್ಲ. ಅವುನ್ನ ಮರ್ತ್ರು. ಅವುನ್ ಮನೆಯೋರು ಗೌಡ್ರ ಮನೇಲವ್ನೆ ಅಂದ್ಕಂಡ್ರು, ಇವ್ರು ಮನೆಗೋದ ಅಂದ್ಕಂಡ್ರು. ಇಂಗೇ ಚಳಿಗಾಲ. ಅವುನ್ಗೆ ಆಗ್ಲೇ ಮೈ ಕಾಯ್ತಿತ್ತು. ಬೆಳಿಗ್ಗೆ ಓಗ್ ನೋಡುದ್ರೆ ಕವಲ್ನಾಗೆ ಕುಂತವ್ನೆ. ತೊಡೆ ಮೇಲೆ ಈಟಿ. ಕಣ್ ಬುಟ್ಕಂಡೇ...”

ಸಾಗರಣ್ಣ ಕೇಳಿದ. “ಇಷ್ಟ್ ವರ್ಷ ಇಲ್ದೋನು ಈಗ್ಯಾಕಮ್ಮ?”

“ಹಂದಿ ಬಂದೊ. ಅವ್ನೂ ಬಂದ. ಅವ್ನ ಕೆಲ್ಸ ಇನ್ನೂ ಮುಗ್ದಿಲ್ವಲ್ಲ.” ಆಮೇಲೆ ದನಿ ಗಟ್ಟಿ ಮಾಡಿದರು. “ನಾಳಿಕೇ ನಿಮ್ಮಪ್ಪನ್ನ ಕರ್ಕಂಡೋಗಿ ಕೂಗುಸ್ಬೇಕು.”

ಆಗ ಸಾಗರಣ್ಣ ಹೇಳಿದ ಮಾತು ನನಗೆ ಇಷ್ಟವಾಗಲಿಲ್ಲ, ಆದರೂ ಇದ್ದದ್ದನ್ನು ಹೇಳಬೇಕಲ್ಲ. “ಅಮ್ಮ, ಸಂಕ್ರಾಂತಿ ಆಗೋಗ್ಲಿ. ಅವ್ನು ಓದ್ರೆ ಕಂಡಿ ಬಾಯ್ಬುಟ್ಕೊಂಡ್ ನಿಂತ್ಕೊತದೆ. ಇನ್ನೊಂದಿಷ್ಟ್ ದಿನ ಅಷ್ಟೇ.”

“ನಿನ್ ಗೆಣಸ್ಗೆ ಅವ್ನ್ ಕಾವಲಾ?”

“ಹೊಲನೇ ಓದ್ರೆ ನಾನೇನ್ ಮಾಡ್ಲಿ, ಹೇಳು!”

ಜಗಳ ನಡುಮನೆಗೆ ಹೋಯಿತು. ದೊಡ್ಡಪ್ಪ ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ನಾನ್ ಕೂಗಿದ್ದೆ. ಅವುನ್ಗೆ ಕೇಳುಸ್ಲಿಲ್ಲ” ಅಂದರು. ದೊಡ್ಡಮ್ಮ, “ಎಲ್ ಕೂಗುದ್ರಿ, ಯಾವಾಗ್ ಕೂಗುದ್ರಿ?” ಅಂದರು. ದೊಡ್ಡಪ್ಪ ರಿಮೋಟು ತೆಗೆದುಕೊಂಡು ಸೌಂಡು ಜಾಸ್ತಿ ಮಾಡಿದರು. ಮನೆಯಲ್ಲಿ ಮೂರು ಜನ ಮೂರು ಕಡೆ ಮುಖ ಮಾಡಿ ಮಲಗಿದರು. ನಾನು ಪುಸ್ತಕ ತೆರೆದುಕೊಂಡು ಕೂತಿದ್ದೆ, ಒಂದಕ್ಷರ ಓದಲಿಲ್ಲ.

ಸಂಕ್ರಾಂತಿಗೆ ಇನ್ನೊಂದು ವಾರ ಇದ್ದಿರಬೇಕು. ಆ ರಾತ್ರಿ ಮಂಜು ಸುರಿಯುತ್ತಿತ್ತು. ಸಾಗರಣ್ಣ ಆಲದ ಕೆಳಗೆ ಬಂದ. ಮಾಮೂಲಿ ಮಾತು ಬರಲಿಲ್ಲ. ಮೇಲೆ ಹಲ್ಲು ಕಟಕಟಿಸುವ ಸದ್ದು. ‘ಕಟ್‌ಕಟ್‌ಕಟ್...’ ಸಣ್ಣಗೆ, ಬಿಡದೆ.

“ಚಳಿ ಆಯ್ತದೆ ಬುದ್ಧೀ... ಕೂಗುದ್ರಾ?”

ಬುದ್ಧೀ ಅಂತ ಈಗ ಯಾರೂ ಯಾರನ್ನೂ ಕರೆಯುವುದಿಲ್ಲ. ಹಿಂದೆ ಹೊಲದಲ್ಲಿ ದುಡಿಯುವವರು ಜಮೀನಿನವರನ್ನು ಹಾಗೆ ಕರೆಯುತ್ತಿದ್ದರು. ಸಾಗರಣ್ಣನಿಗೆ ಅದು ಗೊತ್ತಿತ್ತು. ಆದರೂ ಅಂದುಬಿಟ್ಟ. “ಇನ್ನೊಂದ್ ವಾರ ಕಣಪ್ಪ... ಒಂದೇ ವಾರ.”

ಮೇಲೆ ಹಲ್ಲಿನ ಸದ್ದು ನಿಂತಿತು.

“ಆಗ್ಲಿ ಬುದ್ಧೀ...”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಂದ ಸಾಗರಣ್ಣ. ಕುತ್ತಿಗೆ ಹಿಸುಕಿದ್ದರೂ ತಡೆದುಕೊಳ್ಳುತ್ತಿದ್ದೆ ಅಂದ.

ಮನೆಗೆ ಬಂದವನು ಊಟದ ಡಬ್ಬಿಯನ್ನು ನಡುಮನೆಗೆ ಎಸೆದ. ‘ಢಣಾರ್’ ಅಂತ ಉರುಳಿತು. ಇದು ನಾನು ಕಣ್ಣಾರೆ ಕಂಡದ್ದು. “ಎದ್ದೇಳಿ ಅಪ್ಪ! ಈಗ್ಲೇ ಎದ್ದೇಳಿ! ನೀವ್ ನಿಲ್ಸಿರೋನು ಚಳೀಲಿ ನಡುಗ್ತಾವ್ನೆ. ನಾನೂ ನಿಮ್ ಮಗ್ನೇ ಸರಿ, ನಾನೂ ನಿಲ್ಸ್ಕೊಂಡೆ. ಸಾಕು ಬನ್ನಿ!”

ದೊಡ್ಡಪ್ಪ ಏನೋ ಅನ್ನಲು ಬಾಯಿ ತೆರೆದರು. ಮಗನ ಮುಖ ನೋಡಿದರು. ಶಾಲು ಹೊದ್ದು ಎದ್ದರು.

ನಾವು ನಾಲ್ಕೂ ಜನ ಹೋದೆವು. ನಾನು ಟಾರ್ಚು ಹಿಡಿದಿದ್ದೆ. ಬಾವಿಯ ಹತ್ತಿರ ನಿಂತೆವು, ಅದಕ್ಕಿಂತ ಮುಂದೆ ದೊಡ್ಡಪ್ಪನ ಕಾಲು ಏಳಲಿಲ್ಲ. ಟಾರ್ಚಿನ ಬೆಳಕು ಮಂಜಿನಲ್ಲಿ ಆಲದವರೆಗೆ ಹೋಗುತ್ತಲೇ ಇರಲಿಲ್ಲ. ದೊಡ್ಡಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು.

“ಲೋ ಚಿಕ್ಕಮಾದಾ... ಬೇಟೆ ಮುಗೀತು, ಬಾರ್ಲಾ...”

ಏನೂ ಇಲ್ಲ. ಕಾರ್ಖಾನೆಯ ‘ಗುಂಯ್’ ಮಾತ್ರ. ದೊಡ್ಡಪ್ಪ ‘ನೋಡುದ್ರಾ?’ ಅನ್ನುವ ಹಾಗೆ ನಮ್ಮ ಕಡೆ ತಿರುಗಿದರು.

“ಅಂಗಲ್ಲ” ಅಂದರು ದೊಡ್ಡಮ್ಮ, ಮೆಲ್ಲಗೆ.

ದೊಡ್ಡಪ್ಪ ಶಾಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಯಾಕೆ ಹಾಗೆ ಮಾಡಿದರೋ ನನಗೆ ಗೊತ್ತಿಲ್ಲ. ಈ ಸಲ ಅವರ ದನಿ ಒಡೆದಿತ್ತು.

“ಚಿಕ್ಕಮಾದಯ್ಯಾ... ತಡ ಆಯ್ತು ಕಣಪ್ಪಾ. ನಂದೇ ತಪ್ಪು. ಬೇಟೆ ಮುಗೀತು... ಇಳ್ಕೊಂಡ್ ಬನ್ನಿ...”

ಆಗ ಕೇಳಿಸಿತು. ನಾಲ್ಕೂ ಜನಕ್ಕೆ ಕೇಳಿಸಿತು. ಮೊದಲು ತೊಗಟೆಗೆ ಏನೋ ಉಜ್ಜಿದ ‘ಸರ್‌ರ್’. ಆಮೇಲೆ ನೆಲಕ್ಕೆ ಎರಡು ಪಾದ, ‘ದಪ್... ದಪ್.’ ಸ್ವಲ್ಪ ಬಿಟ್ಟು ಕಡ್ಡಿ ಗೀರಿದ ಸದ್ದು. ಬೆಂಕಿ ಕಾಣಲಿಲ್ಲ. ಒಣ ಎಲೆ ‘ಚರಕ್ ಚರಕ್’ ಅಂತ ನಮ್ಮ ಕಡೆಗೇ ಬಂತು. ನಮ್ಮನ್ನು ದಾಟಿತು. ದಾಟುವಾಗ ಬೀಡಿ ವಾಸನೆ... ಸಾಗರಣ್ಣ ಸೇದುವುದಿಲ್ಲ, ದೊಡ್ಡಪ್ಪ ಬಿಟ್ಟು ಬಹಳ ವರ್ಷವಾಯಿತು. ದೊಡ್ಡಮ್ಮ ಕೈ ಮುಗಿದರು. ದೊಡ್ಡಪ್ಪ ಬಾವಿಕಟ್ಟೆಯ ಮೇಲೆ ಕುಸಿದು ಕೂತವರು ನಾವು ಕರೆದರೂ ಏಳಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಹೇಳುತ್ತಲೇ ಇರಲಿಲ್ಲ.

ಗೆಣಸಿನ್ನೂ ಹೊಲದಲ್ಲಿತ್ತು. ಈಗಲೇ ಕಿತ್ತುಬಿಡು ಅಂದರು ದೊಡ್ಡಮ್ಮ. ಸಾಗರಣ್ಣ ಒಂದು ಬುಡ ಕೆದಕಿ ತೋರಿಸಿದ. ದಪ್ಪವಾಗಿದೆ, ಆದರೆ ಇನ್ನೂ ಪೂರ್ತಿ ಬಲಿತಿಲ್ಲ. ಇನ್ನೊಂದು ವಾರ ಬೇಕೇಬೇಕು. ಕಂಡಿಗೆ ಮುಳ್ಳು ತಂದು ಒಡ್ಡಿದ. ಮುಳ್ಳು ಹಂದಿಗೆ ಏನೂ ಅಲ್ಲ ಅಂತ ಅವನಿಗೇ ಗೊತ್ತಿತ್ತು. ಮಾರನೇ ರಾತ್ರಿ ಶಿಫ್ಟಿಗೆ ರಜೆ ಹಾಕಿ, ತಾನೇ ಕಂಡಿ ಕಾಯಲು ಹೋದ. ಒಂದು ಟಾರ್ಚು, ಬಡಿಯಲು ಒಂದು ಎಣ್ಣೆ ಡಬ್ಬ. ಆಲದ ಬೇರುಗಳ ನಡುವೆ ಮರಕ್ಕೆ ಬೆನ್ನು ಕೊಟ್ಟು ಕೂತ.

ಇಲ್ಲಿ ಅವನೊಂದು ತಪ್ಪು ಮಾಡಿದ. ಗಾಳಿ ಆ ರಾತ್ರಿ ಪೊದೆಯ ಕಡೆಯಿಂದ ಇವನ ಕಡೆಗೆ ಬೀಸುತ್ತಿತ್ತು. ಹಂದಿ ಸದ್ದು ತನಗೆ ಚೆನ್ನಾಗಿ ಕೇಳಿಸುತ್ತದೆ ಅಂತ ಅವನಿಗೆ ಸಮಾಧಾನ. ಆದರೆ ಅವನ ವಾಸನೆ ಹಂದಿಗೆ ಹೋಗುತ್ತಿರಲಿಲ್ಲ. ಹಂದಿಯನ್ನು ಕೊಲ್ಲುವವನು ಹಾಗೆ ಕೂರಬೇಕು. ಓಡಿಸಬೇಕಾದವನು ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ದೊಡ್ಡಪ್ಪ ಆಮೇಲೆ ಇದನ್ನು ಹೇಳಿದರು. ಮುಂಚೆ ಹೇಳಿದ್ದರೆ ಏನಾಗುತ್ತಿತ್ತು!

ಎಷ್ಟೋ ಹೊತ್ತು ಏನೂ ಆಗಲಿಲ್ಲ. ಅವನಿಗೆ ಜೊಂಪು ಹತ್ತಿತ್ತು. ಆಗ ಬಾವಿಯ ಕಡೆಯಿಂದ ಒಂದು ಕೂಗು.

“ಸಾಗರಪ್ಪಾ... ಮುಗೀತು... ಎದ್ ಬನ್ನಿ...”

ಅಪ್ಪನೇ ಇರಬೇಕು, ನಿನ್ನೆ ಕಲಿತದ್ದನ್ನು ಇವತ್ತು ತನ್ನ ಮೇಲೆ ಪ್ರಯೋಗಿಸುತ್ತಿದ್ದಾರೆ ಅಂತ ಇವನಿಗೆ ಪಿತ್ತ ನೆತ್ತಿಗೇರಿತು. “ಏನು?” ಅಂದ. ಮತ್ತೆ ಕೂಗು, ಈ ಸಲ ಗಡಿಬಿಡಿಯಲ್ಲಿ.

“ಎದ್ ಬನ್ನೀ... ಬಿರ್‌ಬಿರ್‌ನೆ...”

ಬೈದುಕೊಳ್ಳುತ್ತಾ ಎದ್ದ. ಡಬ್ಬ ಅಲ್ಲೇ ಬಿಟ್ಟು ಬಾವಿ ತನಕ ಬಂದ. ಯಾರೂ ಇಲ್ಲ. ಟಾರ್ಚು ಸುತ್ತ ಬಿಟ್ಟ. ಯಾರೂ ಇಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಮುಳ್ಳು ‘ಪಟಪಟಪಟ’ ಮುರಿಯಿತು. ಎಣ್ಣೆ ಡಬ್ಬ ‘ಢಬ್’ ಅಂತ ಹಾರಿಬಿತ್ತು. ಮರಕ್ಕೆ ಏನೋ ಅಪ್ಪಳಿಸಿತು, ‘ಧಡ್!’ ಆಮೇಲೆ ‘ಗುರ್‌ಗುರ್’ ಅನ್ನುತ್ತಾ ಇಡೀ ಹಿಂಡು ಕಂಡಿಯಿಂದ ಒಳಗೆ ನುಗ್ಗಿತು.

ಸಾಗರಣ್ಣ ಕಿರುಚಿದ, ಕಲ್ಲೆಸೆದ. ಹತ್ತಿರ ಹೋಗುವ ಹಾಗಿರಲಿಲ್ಲ, ಆ ದೊಡ್ಡ ಗಂಡು ಕಂಡಿಯಲ್ಲೇ ನಿಂತಿತ್ತು. ಬಾವಿಕಟ್ಟೆ ಹತ್ತಿ ನಿಂತು ಕೇಳಿಸಿಕೊಂಡ. ಬಳ್ಳಿ ಕಿತ್ತು ಬರುವ ‘ಪರ್‌ರ್.’ ಗೆಣಸು ಜಗಿಯುವ ‘ಕರುಂ... ಕರುಂ...’ ಒಂದೊಂದು ಸಾಲೂ ಎಲ್ಲಿಗೆ ಮುಗಿಯಿತು ಅಂತ ಅವನಿಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ.

ಮನೆಗೆ ಬಂದವನು ಅಳುತ್ತಿದ್ದನೋ ಬೈಯುತ್ತಿದ್ದನೋ ಹೇಳಲಾರೆ. ಬಾಗಿಲು ತೆಗೆದದ್ದು ನಾನು. ಶೂ ಹಾಕಿಕೊಂಡೇ ನಡುಮನೆಗೆ ನುಗ್ಗಿದ.

“ಯಾಕ್ ಕೂಗುದ್ರಿ ಅಪ್ಪ? ನಾನ್ ಅಲ್ಲೇ ಇದ್ದಿದ್ರೆ ಡಬ್ಬ ಬಡೀತಿದ್ದೆ! ಎಲ್ಲಾ ಓಯ್ತು. ಎಲ್ಲಾ!”

ದೊಡ್ಡಪ್ಪ ನಿದ್ದೆಗಣ್ಣಲ್ಲಿ ಎದ್ದು ಕೂತರು. “ಯಾರ್ಲಾ ಕೂಗಿದ್ದು?”

ಇದಕ್ಕೆ ನಾನು ಸಾಕ್ಷಿ. ದೊಡ್ಡಪ್ಪ ಉಂಡವರು ಗೊರಕೆ ಹೊಡೆಯುತ್ತಾ ಮಲಗಿದ್ದರು. ನಾನು ಅದೇ ನಡುಮನೆಯಲ್ಲಿ ಓದುತ್ತಾ ಕೂತಿದ್ದೆ. ಅವರು ಹಾಸಿಗೆಯಿಂದ ಕದಲಿಲ್ಲ. ಮತ್ತೆ ಇನ್ನೊಂದು. ನಮ್ಮ ಮನೆಯಲ್ಲಿ ಅವನನ್ನು ಸಾಗರ ಅನ್ನುತ್ತಾರೆ. ನಾನು ಸಾಗರಣ್ಣ ಅನ್ನುತ್ತೇನೆ. ಸಾಗರಪ್ಪ ಅಂತ, ಬನ್ನಿ ಅಂತ ಅವನನ್ನು ಕರೆಯುವವರು ಯಾರೂ ಇಲ್ಲ.

ಅವನೂ ಅದನ್ನು ಆಗಲೇ ಗಮನಿಸಿದ್ದು. ಗೋಡೆಗೆ ಒರಗಿ ಕೂತ.

ಬೆಳಿಗ್ಗೆ ದೊಡ್ಡಪ್ಪನೂ ಹೊಲಕ್ಕೆ ಬಂದರು. ಉತ್ತ ಹಾಗಿತ್ತು ಹೊಲ. ಒಂದು ಬಳ್ಳಿಯೂ ಉಳಿದಿರಲಿಲ್ಲ. ದೊಡ್ಡಪ್ಪ ಅದನ್ನು ನೋಡಲಿಲ್ಲ. ಆಲದ ಬುಡಕ್ಕೆ ಹೋದರು. ಸಾಗರಣ್ಣ ಬೆನ್ನು ಕೊಟ್ಟು ಕೂತಿದ್ದ ಜಾಗದಲ್ಲಿ ತೊಗಟೆ ಸೀಳಿಹೋಗಿತ್ತು. ಕೋರೆ ಹೊಡೆದದ್ದು. ಕೂತ ಮನುಷ್ಯನ ಹೊಟ್ಟೆಯ ಎತ್ತರಕ್ಕೆ, ಒಂದು ಗೇಣು ಉದ್ದ, ಹಾಲು ಇನ್ನೂ ಇಳಿಯುತ್ತಿತ್ತು. ದೊಡ್ಡಪ್ಪ ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು.

ಸಂಕ್ರಾಂತಿ ಕಳೆದ ಮೇಲೆ ಸೈಟಿನವರು ಬಂದರು. ದೊಡ್ಡಪ್ಪ ಸೈನ್ ಹಾಕಲಿಲ್ಲ. ಅವರು ಹೋದ ಮೇಲೆ ಸಾಗರಣ್ಣನಿಗೆ ರೇಗಿದರು. “ಹಂದಿಗೆ ಇಷ್ಟ ಆಗೋದ್ನೇ ಆಕ್ತೀಯಲ್ಲಾ, ಬುದ್ಧಿ ಬ್ಯಾಡ್ವಾ ನಿಂಗೆ? ಮೆಣ್ಸಿನಕಾಯಿ ಆಕು.” ಸಾಗರಣ್ಣ, “ಇದ್ನ ಮುಂಚೆ ಹೇಳಕ್ಕೇನಾಗಿತ್ತು ನಿಮ್ಗೆ?” ಅಂತ ತಿರುಗಿ ರೇಗಿದ. ಅವನಿಗೆ ಆ ಗೆಣಸಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಜೀವ ಉಳಿಯಿತಲ್ಲ ಅಂದರೆ, “ಅದ್ಸರಿ, ಗೆಣಸು?” ಅನ್ನುತ್ತಾನೆ.

ಒಂದು ಹೇಳುವುದು ಬಿಟ್ಟೆ. ಇದಕ್ಕೆ ಸಾಗರಣ್ಣ ಬೇಕಿಲ್ಲ, ಇದು ನನ್ನದೇ.

ಹಂದಿ ನುಗ್ಗಿದ ಆ ರಾತ್ರಿ ಅಪ್ಪ ಮಗ ಮಾತಾಡುತ್ತಿದ್ದಾಗ ದೊಡ್ಡಮ್ಮ ಎದ್ದು ಬಂದು ಬಾಗಿಲಿನ ಕಡೆ ನೋಡಿದರು. “ಒಂದ್ ಲೋಟ ನೀರ್ ತಂದು ಆಚೆ ಮಡ್ಗಮ್ಮ” ಅಂದರು. “ಯಾರಿಗೆ ದೊಡ್ಡಮ್ಮ?” ಅಂದೆ. “ಮಡ್ಗು” ಅಂದರು. ನಾವು ಕುಡಿಯುವ ಸ್ಟೀಲ್ ಲೋಟದಲ್ಲೇ ನೀರು ತುಂಬಿಸಿ, ಜಗಲಿಯಲ್ಲಿ ಹೊಸ್ತಿಲಿಗೆ ತಾಗಿದ ಹಾಗೆ ಇಟ್ಟು, ಬಾಗಿಲು ಹಾಕಿ ಚಿಲಕ ಹಾಕಿದೆ.

ಬೆಳಿಗ್ಗೆ ಬಾಗಿಲು ತೆಗೆದವಳೂ ನಾನೇ. ಲೋಟ ಹೊಸ್ತಿಲ ಹತ್ತಿರ ಇರಲಿಲ್ಲ. ಜಗಲಿಯ ಆ ತುದಿಯಲ್ಲಿ, ಮೆಟ್ಟಿಲಿನ ಮೂಲೆಯಲ್ಲಿ ಇತ್ತು. ತೊಳೆದಿತ್ತು. ಬೋರಲು ಹಾಕಿತ್ತು. ಸುತ್ತ ಇನ್ನೂ ಒದ್ದೆ.

ದೊಡ್ಡಮ್ಮ ನನ್ನ ಹಿಂದೆಯೇ ಬಂದರು. ನೋಡಿದರು. ಲೋಟ ಎತ್ತಿಕೊಂಡು, ಸೆರಗಿನಿಂದ ಒರೆಸಿ, ಒಳಗೆ ತಂದು ನಮ್ಮ ಲೋಟಗಳ ಸಾಲಿನಲ್ಲೇ ಇಟ್ಟರು.

ನಮ್ಮ ಮನೆಯಲ್ಲಿ ಯಾರೂ ಲೋಟ ತೊಳೆದು ಹಾಗೆ ಜಗಲಿಯ ತುದಿಯಲ್ಲಿ ಇಡುವುದಿಲ್ಲ. ಬೇಕಾದರೆ ಹಿನಕಲ್‌ಗೆ ಬನ್ನಿ, ಯಾರನ್ನು ಬೇಕಾದರೂ ಕೇಳಿ. ನೀರು ತುಂಬಿ ಇಟ್ಟದ್ದು ನಾನು. ಬೋರಲು ಹಾಕಿದ್ದು ನಾನಲ್ಲ.